ಹಗಲು ನಿದ್ದೆಯೂ ಡ್ಯೂಟಿಯೇ

ಬಾಯ್ಲರ್ ವಿಭಾಗಕ್ಕೆ ಸೇರಿದೆಯಂತೆ, ಸಂತೋಷ ಮಗಾ. ಎ ಶಿಫ್ಟಿಗೆ ಬೆಳಿಗ್ಗೆ ಆರು, ಬಿಗೆ ಮಧ್ಯಾಹ್ನ ಎರಡು, ಸಿಗೆ ರಾತ್ರಿ ಹತ್ತು: ಇನ್ನು ನಿನ್ನ ಊಟ, ಹಬ್ಬ, ನೆಂಟರ ಮದುವೆ ಎಲ್ಲವೂ ಈ ಮೂರು ಗಳಿಗೆಗಳಿಗೆ ಹೊಂದಿಕೊಳ್ಳಬೇಕು. ತೋರಣಗಲ್ಲಿನ ಊದುಕುಲುಮೆಯಾಗಲಿ, ಶಕ್ತಿನಗರದ ಬಾಯ್ಲರಾಗಲಿ, ಕತ್ತಲಾಯಿತೆಂದು ಆರಿಸಿಟ್ಟು ಮನೆಗೆ ಹೋಗುವ ಒಲೆಯಲ್ಲ. ರಾತ್ರಿ ಪಾಳಿ ತಪ್ಪಿದ್ದಲ್ಲ.

ನಾನೂ ಪಾಳಿಯಲ್ಲೇ ತಲೆ ನರೆಸಿಕೊಂಡವನು. ಹೇಳಬೇಕಾದದ್ದು ಒಂದೇ: ಹಗಲು ನಿದ್ದೆಯನ್ನೂ ಡ್ಯೂಟಿ ಎಂದುಕೋ. ಸಿ ಶಿಫ್ಟ್ ಮುಗಿಸಿ ಬಂದವನನ್ನು ಕಂಡರೆ ಮನೆಯವರಿಗೆ ಬಿಡುವಾಗಿರುವ ಆಳು ಸಿಕ್ಕಂತೆ. ‘ಹೇಗೂ ಮನೇಲೇ ಇದ್ದೀಯಲ್ಲ’ ಎಂದು ಗ್ಯಾಸ್ ಬುಕ್ ಮಾಡಿಸುತ್ತಾರೆ, ಬ್ಯಾಂಕಿಗೆ ಕಳಿಸುತ್ತಾರೆ, ಮಗುವನ್ನು ಶಾಲೆಯಿಂದ ಕರೆತರಲು ಹೇಳುತ್ತಾರೆ. ತಪ್ಪು ಅವರದಲ್ಲ; ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ. ನೀನು ಮೊದಲ ವಾರವೇ ಹೇಳು. ಕಿಟಕಿಗೆ ದಪ್ಪ ಪರದೆ ಹಾಕು, ಫೋನನ್ನು ಬೇರೆ ಕೋಣೆಯಲ್ಲಿಡು. ಡ್ಯೂಟಿಯಲ್ಲಿ ಎರಡು ಗಂಟೆಯ ಮೇಲೆ ಚಹಾ ಬೇಡ, ಅದು ಬೆಳಿಗ್ಗೆ ನಿನ್ನ ಹಾಸಿಗೆಯವರೆಗೂ ಬರುತ್ತದೆ. ನಿದ್ದೆಗಣ್ಣಿನಲ್ಲಿ ಮನೆಗೆ ಮರಳಲು ಕಂಪನಿ ಬಸ್ಸಿದ್ದರೆ ಬೈಕ್ ಮುಟ್ಟಬೇಡ.

ಬೆಳಗಿನ ಜಾವ ಮೂರರಿಂದ ಐದರವರೆಗೆ ಮೈಯ ಕಾವೇ ಇಳಿದಿರುತ್ತದೆ. ಎಷ್ಟೇ ಗಟ್ಟಿಗನಾಗಿರು, ಆಗ ಕಣ್ಣು ಗೇಜಿನ ಮೇಲಿದ್ದರೂ ಮುಳ್ಳು ಎಲ್ಲಿದೆ ಎಂಬುದು ತಲೆಗೆ ಹೋಗುವುದಿಲ್ಲ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರ ಕೆಟ್ಟದ್ದು ಬೆಳಗಿನ ನಾಲ್ಕರ ಹೊತ್ತಿಗೆ. 1986ರ ಚೆರ್ನೋಬಿಲ್ ಸ್ಫೋಟ ರಾತ್ರಿ ಒಂದೂವರೆಯೊಳಗೆ. ನಮ್ಮ ಭೋಪಾಲದ ಅನಿಲ ಸೋರಿದ್ದೂ ನಡುರಾತ್ರಿಯೇ. ನಿದ್ದೆಯೊಂದೇ ಕಾರಣ ಎನ್ನುತ್ತಿಲ್ಲ. ಭೋಪಾಲದಲ್ಲಿ ಸುರಕ್ಷಾ ವ್ಯವಸ್ಥೆಯನ್ನೇ ಹಾಳುಗೆಡವಿದ್ದರು. ಆದರೆ ಯಂತ್ರ ಕೈಕೊಟ್ಟಾಗ ಎಚ್ಚರದ ತಲೆಯೊಂದು ಹತ್ತಿರವಿರಬೇಕು. ಆ ಹೊತ್ತಿನಲ್ಲಿ ಕೂರಬೇಡ, ಎದ್ದು ಒಂದು ಸುತ್ತು ಹಾಕು. ಓದಿದ ಅಂಕಿಯನ್ನು ಜೊತೆಗಾರನಿಗೆ ಬಾಯಿಬಿಟ್ಟು ಹೇಳು. ರಿಲೀವರ್ ಬಂದಾಗ ‘ಎಲ್ಲಾ ಓಕೆ’ ಎಂದು ಓಡಬೇಡ. ಲಾಗ್‌ಬುಕ್ಕಿನಲ್ಲಿ ಬರೆ, ಸದ್ದು ಬದಲಾದ ಪಂಪಿನ ಹತ್ತಿರ ಕರೆದುಕೊಂಡು ಹೋಗಿ ಕೇಳಿಸು.

ಓಟಿಯ ವಿಚಾರ. ವಾರಕ್ಕೆ 48 ಗಂಟೆ, ಮೀರಿದರೆ ಇಮ್ಮಡಿ ಕೂಲಿ ಎಂದು 1948ರ ಕಾರ್ಖಾನೆ ಕಾಯ್ದೆಯೇ ಬರೆದಿಟ್ಟಿತು. ಇಮ್ಮಡಿಯ ಆಸೆಗೆ ಬಿ ಮುಗಿಸಿ ಸಿಗೂ ನಿಲ್ಲುವ ಹುಡುಗರನ್ನು ಬಹಳ ನೋಡಿದ್ದೇನೆ. ಮನೆ ಕಟ್ಟಿದರು, ನಿಜ. ನಲವತ್ತೈದಕ್ಕೇ ಬಿಪಿ, ಸಕ್ಕರೆ ಮಾತ್ರೆಗಳನ್ನೂ ಕಟ್ಟಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವಂತೂ 2007ರಲ್ಲೇ ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವವಿರುವವುಗಳ ಪಟ್ಟಿಗೆ ಸೇರಿಸಿತು.

ಪಾಳಿ ಬದಲಾಗುವ ದಿಕ್ಕನ್ನೂ ಗಮನಿಸು. ಎಯಿಂದ ಬಿ, ಬಿಯಿಂದ ಸಿ ಎಂದು ಮುಂದಕ್ಕೆ ಸರಿದರೆ ಮೈ ಹೇಗೋ ಒಗ್ಗುತ್ತದೆ, ಹಿಂದುಮುಂದಾದರೆ ಹೆಣಗುತ್ತದೆ. ನಿಮ್ಮಲ್ಲಿ ರೋಸ್ಟರ್ ಹಿಮ್ಮುಖವಾಗಿದ್ದರೆ ಒಬ್ಬನೇ ಗೊಣಗಬೇಡ, ಮುಂದಿನ ಯೂನಿಯನ್ ಸಭೆಯಲ್ಲಿ ಎದ್ದು ನಿಂತು ಕೇಳು.