ದೂರದರ್ಶಕಕ್ಕೆ ದಾರಿ ತೋರುವ ನಕ್ಷತ್ರ

ಯಾವುದಾದರೊಂದು ನಕ್ಷತ್ರಕ್ಕೆ ದೂರದರ್ಶಕವನ್ನು ಗುರಿಯಿಟ್ಟು, ಆಮೇಲೆ ಅದನ್ನು ಮುಟ್ಟದೆ ನೋಡುತ್ತ ಕುಳಿತರೆ, ಒಂದೆರಡು ನಿಮಿಷಗಳಲ್ಲಿಯೇ ನಕ್ಷತ್ರವು ನೋಟದಿಂದ ಜಾರಿ ಮರೆಯಾಗುವುದನ್ನು ಕಾಣಬಹುದು. ಜಾರುತ್ತಿರುವುದು ನಕ್ಷತ್ರವಲ್ಲ, ತಿರುಗುತ್ತಿರುವುದು ನಾವು ನಿಂತಿರುವ ಭೂಮಿ. ನಕ್ಷತ್ರಗಳನ್ನು ಗುರುತಾಗಿ ಇಟ್ಟುಕೊಂಡು ಅಳೆದರೆ ಭೂಮಿಯ ಒಂದು ಆವರ್ತನೆಗೆ 23 ಗಂಟೆ 56 ನಿಮಿಷ 4 ಸೆಕೆಂಡು ಹಿಡಿಯುತ್ತದೆ. ಆದುದರಿಂದ ಖಗೋಲದ ವಿಷುವದ್ವೃತ್ತದ ಬಳಿಯಿರುವ ನಕ್ಷತ್ರವು ಸೆಕೆಂಡಿಗೆ ಸುಮಾರು 15 ವಿಕಲೆಗಳಂತೆ ಪಶ್ಚಿಮಕ್ಕೆ ಸರಿಯುತ್ತದೆ. ಪಂಚಾಂಗವನ್ನು ಬಲ್ಲವರಿಗೆ ವಿಕಲೆಯ ಪರಿಚಯವಿರಬಹುದು: ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ. ಹುಣ್ಣಿಮೆಯ ಚಂದ್ರಬಿಂಬದ ಅಗಲ ಸುಮಾರು 31 ಕಲೆಗಳು.

ಕಣ್ಣಿನಿಂದ ನೋಡುವವರಿಗೆ ಈ ಚಲನೆಯಿಂದ ಹೆಚ್ಚಿನ ತೊಂದರೆಯಿಲ್ಲ. ಆಗಾಗ ದೂರದರ್ಶಕವನ್ನು ಸ್ವಲ್ಪ ಸರಿಸಿದರೆ ಸಾಕು. ಛಾಯಾಚಿತ್ರವನ್ನು ತೆಗೆಯಹೊರಟವರ ಮಾತು ಬೇರೆ. ನೀಹಾರಿಕೆಗಳಿಂದ ನಮಗೆ ತಲಪುವ ಬೆಳಕು ಅತ್ಯಲ್ಪ. ಅದನ್ನು ಹನಿಹನಿಯಾಗಿ ಕೂಡಿಡಲು ಕ್ಯಾಮೆರಾವನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಅಷ್ಟು ಹೊತ್ತೂ ಪ್ರತಿಯೊಂದು ನಕ್ಷತ್ರದ ಬಿಂಬವು ಒಂದೇ ಬಿಂದುವಿನ ಮೇಲೆ ಕದಲದೆ ನಿಲ್ಲಬೇಕು. ಕದಲಿದರೆ ಚುಕ್ಕೆಗಳೆಲ್ಲ ಗೆರೆಗಳಾಗುವುವು. ನಮ್ಮ ನಾಡಿನಲ್ಲಿ ಮಳೆಗಾಲವು ಕಳೆದ ಮೇಲೆ ಸಿಕ್ಕುವ ನಿರ್ಮಲವಾದ ಅಮಾವಾಸ್ಯೆಯ ರಾತ್ರಿಗಳು ಎಣಿಕೆಯವು. ಅವುಗಳಲ್ಲಿ ಒಂದು ಕೆಟ್ಟರೆ ಮತ್ತೆ ತಿಂಗಳು ಕಾಯಬೇಕಾಗುತ್ತದೆ. ಹೀಗಿರುವುದರಿಂದ ದೂರದರ್ಶಕವನ್ನು ನಕ್ಷತ್ರದ ಹಿಂದೆ ತಪ್ಪದೆ ನಡೆಸುವ ಸಾಧನಗಳ ವಿಷಯವನ್ನು ಹವ್ಯಾಸಿಯು ಮೊದಲೇ ಚೆನ್ನಾಗಿ ತಿಳಿದಿರುವುದು ಮೇಲು.

ಭೂಮಿಯ ಆವರ್ತನೆಗೆ ಪ್ರತಿಯಾಗಿ ದೂರದರ್ಶಕವನ್ನು ತಿರುಗಿಸುವ ಪೀಠಗಳು ಬಹುಕಾಲದಿಂದ ಬಳಕೆಯಲ್ಲಿವೆ. ಇಂತಹ ಪೀಠದ ಒಂದು ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರುತ್ತದೆ. ಇದನ್ನು ಧ್ರುವಾಕ್ಷವೆಂದು ಕರೆಯೋಣ. ಮೋಟಾರೊಂದು ಈ ಅಕ್ಷವನ್ನು ಭೂಮಿಯಷ್ಟೇ ವೇಗದಲ್ಲಿ, ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದರೆ ನಕ್ಷತ್ರವು ನಿಂತಂತೆಯೇ ಸರಿ. ಆದರೆ ಲೋಹದಲ್ಲಿ ಕೊರೆದ ಹಲ್ಲುಚಕ್ರವು ಎಂದಿಗೂ ಪರಿಪೂರ್ಣವಲ್ಲ. ಸಾಮಾನ್ಯವಾಗಿ ಧ್ರುವಾಕ್ಷದ ಚಕ್ರವನ್ನು ವರ್ಮ್ ಎಂಬ ತಿರುಪೊಂದು ನಡೆಸುತ್ತದೆ. ಚಕ್ರಕ್ಕೆ 180 ಹಲ್ಲುಗಳಿದ್ದರೆ, ತಿರುಪು ಸುಮಾರು 479 ಸೆಕೆಂಡುಗಳಿಗೆ, ಎಂದರೆ ಎಂಟು ನಿಮಿಷಗಳಿಗೆ ಒಂದು ಸುತ್ತು ಬರುತ್ತದೆ. ತಿರುಪು ಕೂದಲೆಳೆಯಷ್ಟು ಸೊಟ್ಟವಾಗಿದ್ದರೂ, ನಕ್ಷತ್ರವು ಎಂಟು ನಿಮಿಷಗಳಿಗೊಮ್ಮೆ ತೊಟ್ಟಿಲಿನಂತೆ ಪೂರ್ವಕ್ಕೂ ಪಶ್ಚಿಮಕ್ಕೂ ತೂಗುತ್ತದೆ. ಸಾಧಾರಣ ಬೆಲೆಯ ಪೀಠಗಳಲ್ಲಿ ಈ ತೂಗಾಟವು 30 ವಿಕಲೆಗಳಷ್ಟು ಇರುವುದು ಅಪರೂಪವಲ್ಲ.

ಈ ದೋಷಕ್ಕೆ ಹಿಂದಿನವರು ಕಂಡುಕೊಂಡ ಪರಿಹಾರ ಅತ್ಯಂತ ಸರಳವಾದುದು: ಒಂದು ನಕ್ಷತ್ರವನ್ನು ಕಾವಲು ಕಾಯುವುದು. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರನು ಮಹಾವ್ಯಾಧದ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು ತೆಗೆದಾಗ ಫಲಕವನ್ನು 51 ನಿಮಿಷಗಳ ಕಾಲ ಬೆಳಕಿಗೆ ಒಡ್ಡಿದ್ದನು. ಎರಡು ವರ್ಷಗಳ ತರುವಾಯ ದಕ್ಷಿಣ ಆಫ್ರಿಕದ ಕೇಪ್ ವೇಧಶಾಲೆಯಲ್ಲಿ ಡೇವಿಡ್ ಗಿಲ್ಲನು 1882ರ ಮಹಾ ಧೂಮಕೇತುವಿನ ಚಿತ್ರಕ್ಕಾಗಿ ಸ್ಥಳೀಯ ಛಾಯಾಗ್ರಾಹಕನ ಕ್ಯಾಮೆರಾವನ್ನು ದೂರದರ್ಶಕದ ಮೇಲೆ ಕಟ್ಟಿಸಿದನು. ಕ್ಯಾಮೆರಾ ಚಿತ್ರವನ್ನು ಹಿಡಿಯುತ್ತಿದ್ದಂತೆ ದೂರದರ್ಶಕವು ಅದಕ್ಕೆ ದಾರಿ ತೋರುತ್ತಿತ್ತು. ಕ್ಷೀರಪಥದ ಚಿತ್ರಗಳಿಗೆ ಹೆಸರಾದ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡನದು ಇನ್ನೂ ದೊಡ್ಡ ಸಾಹಸ. ಅವನ ಬ್ರೂಸ್ ದೂರದರ್ಶಕದಲ್ಲಿ 10 ಅಂಗುಲದ ಛಾಯಾಗ್ರಾಹಕ ಮಸೂರದ ಪಕ್ಕದಲ್ಲಿ 5 ಅಂಗುಲದ ಮಾರ್ಗದರ್ಶಿ ದೂರದರ್ಶಕವಿತ್ತು. ಅದರ ನೇತ್ರಕದಲ್ಲಿ ಒಂದನ್ನೊಂದು ಕತ್ತರಿಸುವ ಎರಡು ಸೂಕ್ಷ್ಮವಾದ ಎಳೆಗಳ ಮೇಲೆ ಒಂದು ನಕ್ಷತ್ರವನ್ನು ನಿಲ್ಲಿಸಿಕೊಂಡು, ಅದು ಕದಲಿದಾಗಲೆಲ್ಲ ಕೈಯಿಂದ ತಿದ್ದುತ್ತ, ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ಕಣ್ಣು ಕೀಳದೆ ಕುಳಿತಿರುತ್ತಿದ್ದನು. ಹಾಗೆ ತೆಗೆದ ಚಿತ್ರಗಳ ಸಂಪುಟವು ಅವನು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1927ರಲ್ಲಿ, ಪ್ರಕಟವಾಯಿತು.

ಇಂದು ಬಾರ್ನಾರ್ಡನ ಕಣ್ಣಿನ ಜಾಗದಲ್ಲಿ ಒಂದು ಪುಟ್ಟ ಕ್ಯಾಮೆರಾ, ಅವನ ಕೈಯ ಜಾಗದಲ್ಲಿ ಗಣಕಯಂತ್ರ ಬಂದಿವೆ. ತತ್ತ್ವವು ಮಾತ್ರ ಅದೇ. ಮುಖ್ಯ ದೂರದರ್ಶಕದ ಬೆನ್ನ ಮೇಲೆ ಬಿಗಿದ ಚಿಕ್ಕ ದೂರದರ್ಶಕವು ಮಾರ್ಗದರ್ಶಿ. ಅದರ ಕ್ಯಾಮೆರಾವು ಎರಡು ಮೂರು ಸೆಕೆಂಡುಗಳಿಗೊಮ್ಮೆ ನಕ್ಷತ್ರದ ಚಿತ್ರವನ್ನು ಹಿಡಿದು ಗಣಕಯಂತ್ರಕ್ಕೆ ಒಪ್ಪಿಸುತ್ತದೆ. ನಕ್ಷತ್ರವು ಇದ್ದ ಜಾಗದಿಂದ ಎಷ್ಟು ಸರಿದಿದೆ ಎಂಬುದನ್ನು ಯಂತ್ರವು ಲೆಕ್ಕಹಾಕಿ, ಪೀಠದ ಮೋಟಾರುಗಳಿಗೆ ಕ್ಷಣಕಾಲದ ಸಂಜ್ಞೆಯನ್ನು ಕಳುಹಿಸುತ್ತದೆ. ಈ ಕೆಲಸಕ್ಕೆ ಹವ್ಯಾಸಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಪಿಎಚ್‌ಡಿ 2 ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ.

ಮಾರ್ಗದರ್ಶಿಯು ಮುಖ್ಯ ದೂರದರ್ಶಕದಷ್ಟೇ ಉದ್ದವಾಗಿರಬೇಕೆಂದು ಕೆಲವರು ತಿಳಿದಿರುತ್ತಾರೆ. ಲೆಕ್ಕವು ಹಾಗೆ ಹೇಳುವುದಿಲ್ಲ. ಕ್ಯಾಮೆರಾದ ಒಂದು ಪಿಕ್ಸೆಲಿನ ಅಗಲವನ್ನು ಮೈಕ್ರಾನುಗಳಲ್ಲಿ ಬರೆದು, 206ರಿಂದ ಗುಣಿಸಿ, ಮಿಲಿಮೀಟರುಗಳಲ್ಲಿರುವ ನಾಭಿದೂರದಿಂದ ಭಾಗಿಸಿದರೆ, ಆ ಪಿಕ್ಸೆಲು ಆಕಾಶದಲ್ಲಿ ಎಷ್ಟು ವಿಕಲೆಗಳನ್ನು ಆವರಿಸುತ್ತದೆಂಬುದು ದೊರೆಯುತ್ತದೆ. ಎರಡು ಕ್ಯಾಮೆರಾಗಳ ಪಿಕ್ಸೆಲುಗಳೂ 3.75 ಮೈಕ್ರಾನ್ ಇರಲಿ. ಮುಖ್ಯ ದೂರದರ್ಶಕದ ನಾಭಿದೂರವು 500 ಮಿಲಿಮೀಟರಾದರೆ ಒಂದು ಪಿಕ್ಸೆಲಿಗೆ ಸುಮಾರು 1.5 ವಿಕಲೆ, ಮಾರ್ಗದರ್ಶಿಯದು 200 ಮಿಲಿಮೀಟರಾದರೆ ಸುಮಾರು 3.9 ವಿಕಲೆ. ಮೇಲುನೋಟಕ್ಕೆ ಮಾರ್ಗದರ್ಶಿಯ ದೃಷ್ಟಿ ಮಂದವೆಂದು ತೋರುವುದು ಸಹಜ. ಆದರೆ ನಕ್ಷತ್ರದ ಬೆಳಕು ಹಲವು ಪಿಕ್ಸೆಲುಗಳ ಮೇಲೆ ಹರಡಿರುತ್ತದೆ. ಯಾವ ಪಿಕ್ಸೆಲಿಗೆ ಎಷ್ಟು ಬೆಳಕು ಬಿತ್ತೆಂದು ತೂಗಿನೋಡಿ, ಅದರ ನಡುಬಿಂದುವನ್ನು ಪಿಕ್ಸೆಲಿನ ಹತ್ತನೆಯ ಒಂದು ಭಾಗದವರೆಗೂ ಗುರುತಿಸಬಹುದು. ಎಂದರೆ 0.4 ವಿಕಲೆಯ ಚಲನೆಯೂ ಯಂತ್ರಕ್ಕೆ ತಿಳಿಯುತ್ತದೆ. ಪ್ರಾರಂಭಕ್ಕೆ ಇಷ್ಟು ಧಾರಾಳವಾಗಿ ಸಾಕು.

ಇಲ್ಲಿ ಹೊಸಬರಿಗೆ ಒಂದು ಮಾತನ್ನು ಹೇಳಬೇಕಾಗಿದೆ. ಮಾರ್ಗದರ್ಶಿಯನ್ನು ಕೊಂಡೊಡನೆ ಪೀಠದ ಕುಂದುಗಳೆಲ್ಲ ನೀಗುತ್ತವೆಂಬ ಭಾವನೆ ಬಹಳ ಜನರಲ್ಲಿದೆ. ಮಾರ್ಗದರ್ಶಿಯು ಕಾಯುವುದು ಕೆಲವೇ ನಕ್ಷತ್ರಗಳನ್ನು, ಅನೇಕ ವೇಳೆ ಒಂದನ್ನು ಮಾತ್ರ. ಅದೂ ತಪ್ಪು ನಡೆದ ಮೇಲೆ ತಿದ್ದುವುದೇ ಹೊರತು ಮುಂಚೆ ಅಲ್ಲ. ನಿಧಾನವಾಗಿ ಬೆಳೆಯುವ ಚಿಕ್ಕ ತಪ್ಪನ್ನು ಅದು ಸೊಗಸಾಗಿ ತಿದ್ದಬಲ್ಲುದು. ಮೇಲೆ ಹೇಳಿದ 30 ವಿಕಲೆಗಳ ತೂಗಾಟವನ್ನೇ ತೆಗೆದುಕೊಳ್ಳಿ. ಅದು ಏರಿಳಿತಗಳಿಲ್ಲದ ನಯವಾದ ತೂಗಾಟವಾಗಿದ್ದರೆ, ಅತ್ಯಂತ ವೇಗದಲ್ಲಿರುವಾಗಲೂ ನಕ್ಷತ್ರವು ಸೆಕೆಂಡಿಗೆ 0.2 ವಿಕಲೆಯಷ್ಟು ಮಾತ್ರ ಸರಿಯುತ್ತದೆ. ಎರಡು ಸೆಕೆಂಡುಗಳಿಗೊಮ್ಮೆ ತಿದ್ದುವ ಸಾಧನಕ್ಕೆ ಇದು ಕಷ್ಟವಲ್ಲ. ಹಲ್ಲಿನಲ್ಲಿ ಕಸ ಸಿಕ್ಕಿ ಪೀಠವು ಒಮ್ಮೆಗೇ ಐದು ವಿಕಲೆ ಜಿಗಿದರೆ, ಯಂತ್ರವು ತಿದ್ದುವಷ್ಟರಲ್ಲಿ ಚಿತ್ರವು ಕೆಟ್ಟಿರುತ್ತದೆ. ಆದುದರಿಂದ ಕೈಯಲ್ಲಿರುವ ಹಣದ ದೊಡ್ಡ ಪಾಲು ಪೀಠಕ್ಕೇ ಸಲ್ಲಬೇಕೆಂಬುದು ಈ ಲೇಖಕನ ಅಭಿಪ್ರಾಯ. ಮಾರ್ಗದರ್ಶಿಯು ಚಿಕ್ಕದಾದರೂ ನಡೆಯುತ್ತದೆ.

ಪೀಠವನ್ನು ಧ್ರುವಕ್ಕೆ ಗುರಿಯಿಡುವುದು ನಮ್ಮಲ್ಲಿ ಸ್ವಲ್ಪ ತೊಡಕಿನ ಕೆಲಸ. ಧ್ರುವಬಿಂದುವು ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಆ ಊರಿನ ಅಕ್ಷಾಂಶ. ಲಂಡನ್ನಿನಲ್ಲಿ ಅದು 51 ಡಿಗ್ರಿಗೂ ಮಿಗಿಲು; ಬೆಂಗಳೂರು ಮಂಗಳೂರುಗಳಲ್ಲಿ ಕೇವಲ 13; ಉತ್ತರದ ತುದಿಯ ಬೀದರಿನಲ್ಲಿಯೂ 18. ಮನೆಯ ಗೋಡೆ, ತೆಂಗಿನ ತೋಟ, ಊರಿನ ದೀಪಗಳ ಮಬ್ಬು ಇವುಗಳಲ್ಲಿ ಯಾವುದೊಂದಾದರೂ ಧ್ರುವನಕ್ಷತ್ರವನ್ನು ಮರೆಮಾಡಬಹುದು. ಹೆಚ್ಚಿನ ಅಕ್ಷಾಂಶದ ದೇಶಗಳಿಗೆಂದು ತಯಾರಾದ ಪೀಠಗಳ ಧ್ರುವಾಕ್ಷವನ್ನು ಇಷ್ಟು ಕೆಳಗೆ ಬಾಗಿಸುವುದು ಕೆಲವೊಮ್ಮೆ ಸಾಧ್ಯವಾಗುವುದಿಲ್ಲ. ಸಾಧ್ಯವಾದಾಗಲೂ ಎದುರುಭಾರದ ಸರಳು ಬಹುಮಟ್ಟಿಗೆ ನೆಟ್ಟಗೆ ಇಳಿಬಿದ್ದು ಮುಕ್ಕಾಲಿಯ ಕಾಲಿಗೆ ತಗಲುವುದುಂಟು. ಕೊಳ್ಳುವ ಮುನ್ನ ಇದನ್ನು ವಿಚಾರಿಸಿಕೊಳ್ಳಬೇಕು. ಮುಕ್ಕಾಲಿಗೂ ಪೀಠಕ್ಕೂ ನಡುವೆ ಒಂದು ಗಿಡ್ಡ ಕಂಬವನ್ನು ಸೇರಿಸಿದರೆ ಎರಡನೆಯ ತೊಂದರೆಯು ನೀಗುತ್ತದೆ.

ಧ್ರುವನಕ್ಷತ್ರವು ಕಂಡರೂ ಅದು ಧ್ರುವಬಿಂದುವಲ್ಲ. ಈಗ ಅದು ಬಿಂದುವಿನಿಂದ ಸುಮಾರು 38 ಕಲೆ, ಎಂದರೆ ಚಂದ್ರಬಿಂಬಕ್ಕಿಂತ ಹೆಚ್ಚಿನ ಅಂತರದಲ್ಲಿದೆ. ಅಕ್ಷವನ್ನು ನಕ್ಷತ್ರಕ್ಕೇ ಗುರಿಯಿಟ್ಟು ಸುಮ್ಮನಾದರೆ, ಕ್ಯಾಮೆರಾದಲ್ಲಿ ನಕ್ಷತ್ರಗಳು ಉತ್ತರಕ್ಕೋ ದಕ್ಷಿಣಕ್ಕೋ ನಿಮಿಷಕ್ಕೆ 10 ವಿಕಲೆಗಳವರೆಗೆ ತೇಲುತ್ತವೆ. ಮಾರ್ಗದರ್ಶಿಯು ಈ ತೇಲಾಟವನ್ನು ತಿದ್ದೀತು. ಆದರೆ ತಾನು ಕಾಯುವ ನಕ್ಷತ್ರದಲ್ಲಿ ಮಾತ್ರ. ಉಳಿದ ಆಕಾಶವು ಆ ನಕ್ಷತ್ರದ ಸುತ್ತ ಮೆಲ್ಲನೆ ತಿರುಗುತ್ತ, ಚಿತ್ರದ ಅಂಚಿನ ನಕ್ಷತ್ರಗಳನ್ನು ಚಿಕ್ಕ ಕಮಾನುಗಳನ್ನಾಗಿ ಮಾಡುತ್ತದೆ. ಈ ದೋಷಕ್ಕೆ ಮಾರ್ಗದರ್ಶಿಯಲ್ಲಿ ಮದ್ದಿಲ್ಲ.

ಧ್ರುವನಕ್ಷತ್ರವನ್ನು ಕಾಣದೆಯೇ ಅಕ್ಷವನ್ನು ಸರಿಪಡಿಸುವ ಹಳೆಯ ವಿಧಾನವೊಂದಿದೆ. ನಮ್ಮಂತಹವರಿಗೆ ಅದೇ ಹೇಳಿಮಾಡಿಸಿದ್ದು. ಪೀಠವನ್ನು ಉತ್ತರಕ್ಕೆ ಅಂದಾಜಿನಿಂದ ನಿಲ್ಲಿಸಿ, ಮೊದಲು ಯಾಮ್ಯೋತ್ತರ ವೃತ್ತದ ಬಳಿ, ವಿಷುವದ್ವೃತ್ತಕ್ಕೆ ಸಮೀಪವಾದ ಒಂದು ನಕ್ಷತ್ರವನ್ನು ಹಿಡಿಯಬೇಕು. ಚಳಿಗಾಲದ ರಾತ್ರಿಗಳಲ್ಲಿ ಮಹಾವ್ಯಾಧನ ನಡುಪಟ್ಟಿಯ ನಕ್ಷತ್ರಗಳು ಇದಕ್ಕೆ ತಕ್ಕವು. ಉತ್ತರ-ದಕ್ಷಿಣದ ತಿದ್ದುಪಡಿಯನ್ನು ನಿಲ್ಲಿಸಿ, ಗಣಕಯಂತ್ರದ ಗೆರೆಯನ್ನು ಕೆಲವು ನಿಮಿಷ ನೋಡಬೇಕು. ನಕ್ಷತ್ರವು ದಕ್ಷಿಣಕ್ಕೆ ತೇಲಿದರೆ ಅಕ್ಷವು ಧ್ರುವದ ಪೂರ್ವಕ್ಕೆ ವಾಲಿದೆ, ಉತ್ತರಕ್ಕೆ ತೇಲಿದರೆ ಪಶ್ಚಿಮಕ್ಕೆ. ಪಕ್ಕದ ತಿರುಪುಗಳಿಂದ ಇದನ್ನು ಸರಿಪಡಿಸಿದ ಮೇಲೆ, ಪೂರ್ವದಲ್ಲಿ ದಿಗಂತದಿಂದ 20–30 ಡಿಗ್ರಿ ಮೇಲಿರುವ ನಕ್ಷತ್ರವನ್ನು ಹಿಡಿಯಬೇಕು. ಅದು ದಕ್ಷಿಣಕ್ಕೆ ತೇಲಿದರೆ ಅಕ್ಷವು ಧ್ರುವಕ್ಕಿಂತ ಕೆಳಗಿದೆ, ಉತ್ತರಕ್ಕೆ ತೇಲಿದರೆ ಮೇಲಿದೆ. ಕನ್ನಡಿಗಳಿಂದಾಗಿ ದಿಕ್ಕುಗಳು ಗೊಂದಲವಾಗುವುದು ಸಹಜ. ಆಗ ತಿರುಪನ್ನು ಒಂದು ಕಡೆಗೆ ಸ್ವಲ್ಪ ತಿರುಗಿಸಿ, ತೇಲಾಟವು ಹೆಚ್ಚಿತೋ ಕಡಮೆಯಾಯಿತೋ ಎಂಬುದನ್ನು ನೋಡಿದರಾಯಿತು. ತಪ್ಪು 5 ಕಲೆಗಳಿಗೆ ಇಳಿದರೆ ತೇಲಾಟವು ನಿಮಿಷಕ್ಕೆ 1.3 ವಿಕಲೆಗಿಂತ ಹೆಚ್ಚುವುದಿಲ್ಲ. ಅರ್ಧ ಗಂಟೆಯ ಶ್ರಮಕ್ಕೆ ಇದು ಒಳ್ಳೆಯ ಪ್ರತಿಫಲ.

ಆಮೇಲೆ ತೂಕವನ್ನು ಸಮಗೊಳಿಸಬೇಕು. ಎರಡೂ ಅಕ್ಷಗಳ ಬಿಗಿಯನ್ನು ಸಡಿಲಿಸಿದಾಗ ದೂರದರ್ಶಕವು ಇಟ್ಟಲ್ಲಿಯೇ ನಿಲ್ಲಬೇಕು. ಅನುಭವಿಗಳು ಬೇಕೆಂದೇ ಪೂರ್ವದ ಬದಿಯನ್ನು ಒಂದಿಷ್ಟು ಭಾರವಾಗಿ ಬಿಡುತ್ತಾರೆ. ಆಗ ಹಲ್ಲುಗಳು ಸದಾ ಒಂದೇ ಕಡೆಗೆ ಒತ್ತಿಕೊಂಡಿದ್ದು, ನಡುವಿನ ಸಡಿಲದಲ್ಲಿ ಓಲಾಡುವುದಿಲ್ಲ.

ಇನ್ನು ಯಂತ್ರಕ್ಕೆ ದಿಕ್ಕುಗಳನ್ನು ಕಲಿಸಬೇಕು. ಕ್ಯಾಮೆರಾವನ್ನು ಯಾವ ಓರೆಯಲ್ಲಿ ಬಿಗಿದಿದೆಯೆಂಬುದು ಅದಕ್ಕೆ ತಿಳಿಯದು. ಆದುದರಿಂದ ಅದು ಪೀಠವನ್ನು ಮೊದಲು ಪಶ್ಚಿಮಕ್ಕೆ, ಅನಂತರ ಉತ್ತರಕ್ಕೆ ಸ್ವಲ್ಪ ಸ್ವಲ್ಪ ನೂಕಿ, ನಕ್ಷತ್ರವು ಯಾವ ಕಡೆಗೆ ಎಷ್ಟು ಸರಿಯಿತೆಂದು ಗುರುತುಮಾಡಿಕೊಳ್ಳುತ್ತದೆ. ಧ್ರುವದ ಹತ್ತಿರ ಪೂರ್ವ-ಪಶ್ಚಿಮದ ನೂಕಿಗೆ ನಕ್ಷತ್ರವು ಅಷ್ಟಾಗಿ ಸರಿಯದೆ ಲೆಕ್ಕವು ತಪ್ಪುವುದರಿಂದ, ಈ ಕೆಲಸವನ್ನೂ ವಿಷುವದ್ವೃತ್ತದ ಬಳಿಯಲ್ಲಿಯೇ ಮಾಡುವುದು ಉಚಿತ.

ತಿದ್ದುಪಡಿಯು ಪ್ರಾರಂಭವಾದ ಮೇಲೆ ಹೊಸಬರನ್ನು ಕಾಡುವುದು ಆತುರ. ತೆರೆಯ ಮೇಲಿನ ಗೆರೆಯು ಮೇಲೆ ಕೆಳಗೆ ಹಾರುವುದನ್ನು ಕಂಡು, ಅರ್ಧ ಸೆಕೆಂಡಿಗೊಮ್ಮೆ ತಿದ್ದಿದರೆ ಇನ್ನೂ ನಿಖರವಾದೀತೆಂದು ಅವರು ಎಣಿಸುತ್ತಾರೆ. ನಡೆಯುವುದು ಇದಕ್ಕೆ ವಿರುದ್ಧ. ನಕ್ಷತ್ರಗಳನ್ನು ಮಿನುಗಿಸುವ ವಾಯುಮಂಡಲದ ಅಲೆಗಳು ಬಿಂಬವನ್ನು ಪ್ರತಿಕ್ಷಣವೂ ಒಂದೆರಡು ವಿಕಲೆ ಅತ್ತಿತ್ತ ಕುಣಿಸುತ್ತಿರುತ್ತವೆ. ಆ ಕುಣಿತವು ಪೀಠದ ತಪ್ಪಲ್ಲ. ಯಂತ್ರವು ತಿದ್ದುವಷ್ಟರಲ್ಲಿ ನಕ್ಷತ್ರವು ತಾನಾಗಿಯೇ ಹಿಂದಿರುಗಿರುತ್ತದೆ, ತಿದ್ದಿದ್ದೇ ಹೊಸ ತಪ್ಪಾಗಿ ಉಳಿಯುತ್ತದೆ. ಎರಡರಿಂದ ನಾಲ್ಕು ಸೆಕೆಂಡುಗಳ ಚಿತ್ರದಲ್ಲಿ ಕುಣಿತವು ಬಹುಮಟ್ಟಿಗೆ ಸರಾಸರಿಯಾಗಿ ಅಡಗಿ, ಪೀಠದ ನಿಜವಾದ ಚ್ಯುತಿಯು ಮಾತ್ರ ಎದ್ದುಕಾಣುತ್ತದೆ. ಕಂಡ ಚ್ಯುತಿಯನ್ನೂ ಪೂರ್ತಿಯಾಗಿ ತಿದ್ದದೆ, ನೂರಕ್ಕೆ 60–70ರಷ್ಟು ತಿದ್ದುವಂತೆ ಯಂತ್ರಕ್ಕೆ ಹೇಳಿಡುವುದು ಕ್ಷೇಮ. ಸರಾಸರಿ ಚ್ಯುತಿಯು ಮುಖ್ಯ ಕ್ಯಾಮೆರಾದ ಒಂದು ಪಿಕ್ಸೆಲಿಗಿಂತ ಕಡಮೆಯಿದ್ದರೆ, ನಮ್ಮ ಉದಾಹರಣೆಯಲ್ಲಿ 1.5 ವಿಕಲೆಗಿಂತ ಕೆಳಗಿದ್ದರೆ, ತೆರೆಯ ಕಡೆ ನೋಡುವುದನ್ನು ಬಿಟ್ಟು ಕಂಬಳಿ ಹೊದ್ದುಕೊಂಡು ಆಕಾಶವನ್ನು ನೋಡಬಹುದು.

ಗೆರೆಯು ನೆಟ್ಟಗಿದ್ದೂ ಚಿತ್ರದ ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಉದ್ದವಾಗಿರುವುದು ಅನೇಕರನ್ನು ದಿಕ್ಕುಗೆಡಿಸುವ ಸಂಗತಿ. ಮಾರ್ಗದರ್ಶಿಯು ಸುಳ್ಳು ಹೇಳಿಲ್ಲ. ಅದು ತನ್ನ ನಕ್ಷತ್ರವನ್ನು ಚೆನ್ನಾಗಿಯೇ ಕಾಯ್ದಿದೆ. ಆದರೆ ಆಕಾಶದಲ್ಲಿ ದೂರದರ್ಶಕವು ವಾಲುತ್ತಿದ್ದಂತೆ ಮಾರ್ಗದರ್ಶಿಯ ಬಿಗಿತಿರುಪುಗಳೋ ಮುಖ್ಯ ದೂರದರ್ಶಕದ ನೇತ್ರಕದ ಕೊಳವೆಯೋ ಸ್ವಲ್ಪ ಬಗ್ಗಿ, ಇವೆರಡರ ದೃಷ್ಟಿ ಬೇರೆಬೇರೆಯಾಗಿದೆ. ಪ್ಲಾಸ್ಟಿಕ್ ತುದಿಯ ಮೂರು ತಿರುಪುಗಳ ಮೇಲೆ ಮಾರ್ಗದರ್ಶಿಯನ್ನು ತೂಗುಹಾಕುವುದಕ್ಕಿಂತ, ಸುತ್ತಲೂ ಹಿಡಿಯುವ ಲೋಹದ ಬಳೆಗಳಲ್ಲಿ ಬಿಗಿಯುವುದೇ ಮೇಲು. ಜೋತಾಡುವ ತಂತಿಗಳನ್ನು ಕೊಳವೆಗೆ ಕಟ್ಟಬೇಕು. ಅವುಗಳ ಎಳೆತವೇ ಒಂದೆರಡು ವಿಕಲೆಗಳಿಗೆ ಸಾಕು. ನಾಭಿದೂರವು 1000 ಮಿಲಿಮೀಟರನ್ನು ಮೀರಿದಾಗ ಇದೂ ಸಾಲದೆ ಹೋಗಬಹುದು. ಆಗ ಮಾರ್ಗದರ್ಶಿ ದೂರದರ್ಶಕವನ್ನೇ ತೆಗೆದುಹಾಕಿ, ಮುಖ್ಯ ದೂರದರ್ಶಕದ ಬೆಳಕಿನ ಅಂಚಿನಲ್ಲಿ ಪುಟ್ಟ ಪಟ್ಟಕವೊಂದನ್ನು ಇಟ್ಟು, ಚಿತ್ರಕ್ಕೆ ಬೇಡವಾದ ಅಂಚಿನ ಬೆಳಕನ್ನು ಮಾರ್ಗದರ್ಶಿ ಕ್ಯಾಮೆರಾಕ್ಕೆ ತಿರುಗಿಸುತ್ತಾರೆ. ಒಂದೇ ಮಸೂರವು ಎರಡಕ್ಕೂ ಕಣ್ಣಾದುದರಿಂದ ಬಗ್ಗಿದರೂ ಎರಡೂ ಒಟ್ಟಿಗೆ ಬಗ್ಗುವುವು. ಆದರೆ ಆ ಕಿರಿದಾದ ಅಂಚಿನಲ್ಲಿ ತಕ್ಕ ನಕ್ಷತ್ರವನ್ನು ಹುಡುಕುವುದೂ, ಎರಡು ಕ್ಯಾಮೆರಾಗಳಲ್ಲಿಯೂ ಏಕಕಾಲದಲ್ಲಿ ಬಿಂಬವನ್ನು ಸ್ಫುಟಗೊಳಿಸುವುದೂ ತಾಳ್ಮೆಯನ್ನು ಬೇಡುವ ಕೆಲಸ. ಮೊದಲ ವರ್ಷದ ಹವ್ಯಾಸಿಯು ಗಿಡ್ಡ ನಾಭಿದೂರದ ದೂರದರ್ಶಕದಿಂದಲೇ ತೊಡಗಿ, ಅದನ್ನು ಮುಂದಕ್ಕೆ ಇಟ್ಟುಕೊಳ್ಳಬಹುದು.