ಹಳೆಯ ಟ್ರ್ಯಾಕ್ಟರಿನ ಎಂಜಿನ್ನಿಗೆ ತಕ್ಕ ಎಣ್ಣೆಯನ್ನು ಆರಿಸುವ ಕ್ರಮ

ದುಡಿದು ಹಣ್ಣಾದ ಎತ್ತನ್ನು ವಿವೇಕಿಯಾದ ರೈತನು ಅಲಕ್ಷ್ಯ ಮಾಡುವುದಿಲ್ಲ. ಅದರ ಹಲ್ಲು ಸವೆದಿದ್ದರೆ ಮೇವನ್ನು ಸಣ್ಣಗೆ ಕತ್ತರಿಸಿ ಹಾಕುತ್ತಾನೆ. ಹೆಗಲು ನೊಂದಿದ್ದರೆ ನೊಗವನ್ನು ಸರಿಪಡಿಸುತ್ತಾನೆ. ಆದರೆ ಅದೇ ರೈತನು ಇಪ್ಪತ್ತು ವರ್ಷ ದುಡಿದ ಟ್ರ್ಯಾಕ್ಟರಿಗೆ ಅಂಗಡಿಯವನು ಕೊಟ್ಟ ಯಾವುದೋ ಎಣ್ಣೆಯನ್ನು ಸುರಿದು ಸುಮ್ಮನಾಗುವುದನ್ನು ಪ್ರತಿ ತಾಲ್ಲೂಕಿನಲ್ಲಿಯೂ ಕಾಣುತ್ತೇವೆ. ಇದರಿಂದ ಒದಗುವ ನಷ್ಟವು ಅಲ್ಪವಾದುದಲ್ಲ. ಆದ್ದರಿಂದ ಹಿಡುವಳಿದಾರರ ಮತ್ತು ಗ್ರಾಮದ ಮುಖಂಡರ ತಿಳಿವಳಿಕೆಗಾಗಿ ಈ ವಿಷಯವನ್ನು ಇಲ್ಲಿ ವಿವರಿಸಿದೆ.

೧. ಒಂದು ನಿದರ್ಶನ

ನನ್ನ ತಪಾಸಣೆಗೆ ಸೇರಿದ ಒಂದು ಗ್ರಾಮದಲ್ಲಿ ಒಬ್ಬ ಹಿಡುವಳಿದಾರರ ಟ್ರ್ಯಾಕ್ಟರು ನೀಲಿ ಹೊಗೆಯನ್ನು ಬಿಡುತ್ತಿತ್ತು. ‘ಎಂಜಿನ್ನು ಬೋರಿಗೆ ಬಂದಿದೆ, ಗಟ್ಟಿ ಎಣ್ಣೆ ಹಾಕಿದರೆ ಈ ವರ್ಷ ಕಳೆಯಬಹುದು’ ಎಂದು ಯಾರೋ ಹೇಳಿದ ಮಾತನ್ನು ನಂಬಿ, ಅವರು ಎಂಜಿನ್ ಎಣ್ಣೆಯೊಡನೆ ಗೇರ್ ಎಣ್ಣೆಯನ್ನು ಬೆರೆಸಿದರು. ಕೆಲವು ದಿನ ಹೊಗೆಯು ಕಡಿಮೆಯಾದಂತೆ ಕಂಡಿತು. ಆದರೆ ಗದ್ದೆಯಲ್ಲಿ ಕೆಸರು ಮಾಡುತ್ತಿದ್ದಾಗ ಎಣ್ಣೆಯ ಒತ್ತಡವನ್ನು ತೋರಿಸುವ ದೀಪವು ಹತ್ತಿತು. ಆ ಸಾಲನ್ನು ಮುಗಿಸಿಬಿಡೋಣವೆಂದು ಓಡಿಸಿದ್ದರಿಂದ ಬೇರಿಂಗುಗಳು ಸುಟ್ಟು ಎಂಜಿನ್ನು ಹಿಡಿದುಕೊಂಡಿತು. ಬಿಚ್ಚಿ ನೋಡಿದಾಗ ಎಣ್ಣೆಯ ತೊಟ್ಟಿಯ ತಳದಲ್ಲಿ ಡಾಂಬರಿನಂಥ ಗಸಿ ಕೂತಿತ್ತು. ದುರಸ್ತಿಯ ಖರ್ಚು ಒಂದು ಕಡೆಯಿರಲಿ. ಅವರ ಗದ್ದೆಯೂ, ಅವರ ಟ್ರ್ಯಾಕ್ಟರನ್ನು ಬಾಡಿಗೆಗೆ ನಂಬಿದ್ದ ನೆರೆಯವರ ಗದ್ದೆಗಳೂ ನಾಟಿಯ ಹದವನ್ನು ತಪ್ಪಿಸಿಕೊಂಡವು. ಮಡಿಯಲ್ಲಿ ಪೈರು ಬಲಿತುಹೋಯಿತು. ಹಣವನ್ನು ಸಾಲ ತರಬಹುದು. ಹದವನ್ನು ಸಾಲ ಕೊಡುವವರಿಲ್ಲ.

೨. ಎಣ್ಣೆಯು ಮಾಡುವ ಕೆಲಸ

ಎಂಜಿನ್ನಿನ ಎಣ್ಣೆಯು ಕೇವಲ ಜಾರಿಕೆಗಾಗಿ ಇರುವುದಲ್ಲ. ಅದಕ್ಕೆ ಐದು ಕೆಲಸಗಳುಂಟು: ಲೋಹವು ಲೋಹವನ್ನು ಉಜ್ಜದಂತೆ ನಡುವೆ ಪೊರೆಯಾಗಿ ನಿಲ್ಲುವುದು, ಪಿಸ್ಟನ್ನಿನ ಮತ್ತು ಬೇರಿಂಗುಗಳ ಶಾಖವನ್ನು ಹೊತ್ತು ತರುವುದು, ಪಿಸ್ಟನ್ ರಿಂಗುಗಳ ಸಂದನ್ನು ಮುಚ್ಚುವುದು, ಮಸಿಯನ್ನು ಒಂದೆಡೆ ಕೂರಗೊಡದೆ ತನ್ನಲ್ಲಿ ತೇಲಿಸಿಕೊಂಡಿರುವುದು, ತುಕ್ಕನ್ನೂ ಆಮ್ಲವನ್ನೂ ತಡೆಯುವುದು. ಡೀಸಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯು ಬಹುಬೇಗ ಕಪ್ಪಾಗುತ್ತದೆ. ಇದನ್ನು ಕಂಡು ಎಣ್ಣೆಯು ಕಳಪೆಯೆಂದು ಭಾವಿಸಕೂಡದು. ಅದು ಮಸಿಯನ್ನು ಹೊತ್ತುಕೊಂಡು ತನ್ನ ಕೆಲಸವನ್ನು ಮಾಡುತ್ತಿದೆಯೆಂದು ತಿಳಿಯತಕ್ಕದ್ದು.

ಎಂಜಿನ್ನು ಹಳತಾದಂತೆಲ್ಲ ರಿಂಗುಗಳೂ ಲೈನರುಗಳೂ ಸವೆದು, ಉರಿಯುವ ಅನಿಲವು ಕೆಳಗಿನ ತೊಟ್ಟಿಗೆ ನುಗ್ಗುತ್ತದೆ. ಬೇರಿಂಗಿನ ಸಂದು ಹಿಗ್ಗಿ ಎಣ್ಣೆಯ ಒತ್ತಡವು ಇಳಿಯುತ್ತದೆ. ರಬ್ಬರಿನ ಸೀಲುಗಳು ಪೆಡಸಾಗಿ ಎಣ್ಣೆ ಒಸರುತ್ತದೆ. ಎಣ್ಣೆಯು ಈ ಸವೆತವನ್ನು ನಿಧಾನಗೊಳಿಸಬಲ್ಲುದು. ಸವೆದುದನ್ನು ಮತ್ತೆ ಬೆಳೆಸಲಾರದು. ಈ ಮಾತನ್ನು ನೆನಪಿನಲ್ಲಿಟ್ಟರೆ ಅರ್ಧ ಮೋಸಗಳಿಂದ ಪಾರಾಗಬಹುದು.

೩. ಮೊದಲು ರೋಗವನ್ನು ಗುರುತಿಸುವುದು

ಎಣ್ಣೆಯನ್ನು ಬದಲಾಯಿಸುವುದಕ್ಕೆ ಮುಂಚೆ ಹೊಗೆಯ ಬಣ್ಣವನ್ನು ನೋಡಬೇಕು. ನೀಲಿ ಹೊಗೆಯು ಎಣ್ಣೆ ಉರಿಯುತ್ತಿರುವುದರ ಗುರುತು. ಕಪ್ಪು ಹೊಗೆಯು ಡೀಸಲ್ಲು ಪೂರ್ತಿ ಉರಿಯದಿರುವುದರ ಗುರುತು. ಗಾಳಿ ಶೋಧಕದಲ್ಲಿ ಧೂಳು ತುಂಬಿರುವುದೋ, ಮಿತಿಮೀರಿದ ಹೊರೆಯೋ, ಇಂಜೆಕ್ಟರಿನ ದೋಷವೋ ಇದಕ್ಕೆ ಕಾರಣವಾಗಿರಬಹುದು. ಎಂಜಿನ್ನು ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುವುದು, ಎಣ್ಣೆಯು ಹಾಲು ಬೆರೆಸಿದಂತೆ ಬೆಳ್ಳಗಾಗುವುದು, ಇವು ಎಣ್ಣೆಗೆ ನೀರು ಸೇರುತ್ತಿರುವುದರ ಗುರುತುಗಳು. ಹಾಕದೆಯೇ ಎಣ್ಣೆಯ ಮಟ್ಟವು ಏರಿದರೆ ಡೀಸಲ್ಲೋ ನೀರೋ ಅದಕ್ಕೆ ಬೆರೆಯುತ್ತಿದೆಯೆಂದು ತಿಳಿದು, ಎಂಜಿನ್ನನ್ನು ಕೂಡಲೇ ನಿಲ್ಲಿಸಿ ಮೆಕ್ಯಾನಿಕ್ಕನಿಗೆ ತೋರಿಸಬೇಕು. ಇಂಥ ರೋಗಗಳಿಗೆ ಯಾವ ಎಣ್ಣೆಯೂ ಮದ್ದಲ್ಲ.

ಎಣ್ಣೆಯು ಎಷ್ಟು ಖರ್ಚಾಗುತ್ತಿದೆಯೆಂಬುದನ್ನು ಊಹೆಯಿಂದ ಹೇಳದೆ ಅಳೆದು ತಿಳಿಯಬೇಕು. ಟ್ರ್ಯಾಕ್ಟರನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ, ಅಳತೆಯ ಕಡ್ಡಿಯ ಮೇಲಿನ ಗೆರೆಯವರೆಗೆ ಎಣ್ಣೆಯನ್ನು ತುಂಬುವುದು. ತರುವಾಯ ೫೦ ಗಂಟೆ ದುಡಿಸಿ, ಮತ್ತೆ ಅದೇ ಗೆರೆಗೆ ತರಲು ಎಷ್ಟು ಬೇಕಾಯಿತೆಂದು ಪುಸ್ತಕದಲ್ಲಿ ಬರೆದಿಡುವುದು. ಈ ಲೆಕ್ಕವು ತಿಂಗಳಿಂದ ತಿಂಗಳಿಗೆ ಒಂದೇ ಸಮನಾಗಿದ್ದರೆ ಗಾಬರಿಗೆ ಕಾರಣವಿಲ್ಲ. ಏರುತ್ತ ಹೋದರೆ ಒಸರುವ ಸೀಲುಗಳನ್ನೂ, ಗಾಳಿ ಶೋಧಕವನ್ನೂ, ಕಟ್ಟಿಕೊಂಡಿರಬಹುದಾದ ಬ್ರೀದರ್ ಕೊಳವೆಯನ್ನೂ ಪರೀಕ್ಷಿಸತಕ್ಕದ್ದು. ಬ್ರೀದರ್ ಕಟ್ಟಿಕೊಂಡರೆ ಒಳಗಿನ ಒತ್ತಡವು ಹೆಚ್ಚಿ, ಗಟ್ಟಿಯಾಗಿರುವ ಸೀಲಿನಿಂದಲೂ ಎಣ್ಣೆಯು ಹೊರಬೀಳುತ್ತದೆ.

೪. ಡಬ್ಬದ ಮೇಲಿನ ಅಂಕಿಗಳು

ಡಬ್ಬದ ಮೇಲೆ ‘ಎಸ್.ಎ.ಇ. ೧೫ಡಬ್ಲ್ಯೂ-೪೦’ ಎಂಬಂತೆ ಬರೆದಿರುವುದು ಎಣ್ಣೆಯ ಮಂದತ್ವವನ್ನು ಸೂಚಿಸುತ್ತದೆ. ‘ಡಬ್ಲ್ಯೂ’ ಜೊತೆಗಿರುವ ಅಂಕಿಯು ಚಳಿಯಲ್ಲಿ ಎಣ್ಣೆಯು ಹರಿಯುವ ಗುಣವನ್ನೂ, ಎರಡನೆಯ ಅಂಕಿಯು ಬಿಸಿಯಾದಾಗಿನ ಮಂದತ್ವವನ್ನೂ ಹೇಳುತ್ತವೆ. ನೂರು ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ೩೦ರ ಎಣ್ಣೆಯು ೯.೩ರಿಂದ ೧೨.೫, ೪೦ರ ಎಣ್ಣೆಯು ೧೨.೫ರಿಂದ ೧೬.೩, ೫೦ರ ಎಣ್ಣೆಯು ೧೬.೩ರಿಂದ ೨೧.೯ ಸೆಂಟಿಸ್ಟೋಕ್ಸ್ ಮಂದತ್ವವುಳ್ಳದ್ದಾಗಿರುತ್ತದೆ. ನಮ್ಮ ಸೀಮೆಯಲ್ಲಿ ಚಳಿಯು ಹೆಪ್ಪುಗಟ್ಟುವಷ್ಟಿಲ್ಲದ ಕಾರಣ ೧೫ ಅಥವಾ ೨೦ ಡಬ್ಲ್ಯೂ ಎರಡೂ ಸಾಕು. ಎರಡನೆಯ ಅಂಕಿಯೇ ನಮಗೆ ಮುಖ್ಯವಾದುದು.

ಗೇರ್ ಎಣ್ಣೆಯ ಡಬ್ಬದ ಮೇಲೆ ೯೦ ಎಂದಿರುವುದನ್ನು ಕಂಡು, ಅದು ೪೦ರ ಎಣ್ಣೆಯ ಎರಡರಷ್ಟು ಮಂದವೆಂದು ಅನೇಕರು ಭ್ರಮಿಸುತ್ತಾರೆ. ಸೇರು ಬೇರೆ, ಬಳ್ಳ ಬೇರೆ ಎಂಬಂತೆ ಈ ಎರಡು ಅಳತೆಗಳೂ ಬೇರೆಬೇರೆ. ಬಿಸಿಯಲ್ಲಿ ೯೦ರ ಗೇರ್ ಎಣ್ಣೆಯು ಸರಿಸುಮಾರು ೪೦ರಿಂದ ೫೦ರ ಎಂಜಿನ್ ಎಣ್ಣೆಯಷ್ಟೇ ಮಂದವಾಗಿರುತ್ತದೆ. ಅದರಿಂದ ಲಾಭವಿಲ್ಲ, ಕೇಡು ಮಾತ್ರ ಉಂಟು. ಮಸಿಯನ್ನು ತೇಲಿಸಿ ಹಿಡಿಯುವ ದ್ರವ್ಯಗಳು ಅದರಲ್ಲಿಲ್ಲ. ಹಲ್ಲುಚಕ್ರಗಳಿಗಾಗಿ ಬೆರೆಸಿದ ಗಂಧಕಯುಕ್ತ ದ್ರವ್ಯಗಳು ಎಂಜಿನ್ನಿನ ಶಾಖದಲ್ಲಿ ತಾಮ್ರಮಿಶ್ರಿತ ಭಾಗಗಳನ್ನು ತಿನ್ನಬಹುದು.

೫. ಡಬ್ಬದ ಮೇಲಿನ ಅಕ್ಷರಗಳು

‘ಎ.ಪಿ.ಐ.’ ಎಂಬ ಗುರುತಿನ ಮುಂದೆ ‘ಎಸ್’ ಅಕ್ಷರದಿಂದ ಮೊದಲಾಗುವುದು ಪೆಟ್ರೋಲ್ ಎಂಜಿನ್ನಿಗೂ, ‘ಸಿ’ ಅಕ್ಷರದಿಂದ ಮೊದಲಾಗುವುದು ಡೀಸಲ್ ಎಂಜಿನ್ನಿಗೂ ಸಂಬಂಧಪಟ್ಟವು. ಆದುದರಿಂದ ಟ್ರ್ಯಾಕ್ಟರಿಗೆ ‘ಸಿ’ ವರ್ಗದ ಗುರುತಿರುವ ಎಣ್ಣೆಯನ್ನೇ ಕೊಳ್ಳಬೇಕು. ಸಿ.ಎಫ್-೪ ವರ್ಗವು ೧೯೯೦ರಲ್ಲಿಯೂ, ಸಿ.ಎಚ್-೪ ೧೯೯೮ರಲ್ಲಿಯೂ, ಸಿ.ಐ-೪ ೨೦೦೨ರಲ್ಲಿಯೂ ಬಳಕೆಗೆ ಬಂದವು. ಮುಂಚಿನ ವರ್ಗವನ್ನು ಬೇಡುವ ಎಂಜಿನ್ನಿಗೆ ತರುವಾಯದ ಈ ವರ್ಗಗಳ ಎಣ್ಣೆಯನ್ನು ಹಾಕಬಹುದು. ಹೊಸದನ್ನು ಬೇಡುವ ಎಂಜಿನ್ನಿಗೆ ಹಳೆಯ ವರ್ಗದ ಎಣ್ಣೆಯನ್ನು ಹಾಕಕೂಡದು. ‘ಎಫ್.ಎ-೪’ ಎಂಬ ತೆಳು ಎಣ್ಣೆಯು ಹಳೆಯ ಎಂಜಿನ್ನುಗಳಿಗಾಗಿ ತಯಾರಾದುದಲ್ಲ.

೬. ಆರಿಸುವ ಕ್ರಮ

(ಅ) ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಹೇಳಿರುವ ಎಣ್ಣೆಯೇ ಮೊದಲನೆಯ ಆಯ್ಕೆ. ಎಂಜಿನ್ನು ಹಳತಾಯಿತೆಂಬ ಒಂದೇ ಕಾರಣದಿಂದ ಅದನ್ನು ಬಿಡಬೇಕಾಗಿಲ್ಲ.

(ಆ) ತಯಾರಿಸಿದ ಕಾರ್ಖಾನೆಯೇ ಮುಚ್ಚಿಹೋಗಿ, ಕೈಪಿಡಿಯು ದೊರೆಯದಿರುವುದುಂಟು. ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಯು ೧೯೭೧ರಲ್ಲಿ ಪಿಂಜೋರಿನಲ್ಲಿ ಟ್ರ್ಯಾಕ್ಟರುಗಳ ತಯಾರಿಕೆಯನ್ನು ಆರಂಭಿಸಿತು. ೨೦೧೬ರಲ್ಲಿ ಆ ವಿಭಾಗವನ್ನು ಮುಚ್ಚುವ ತೀರ್ಮಾನವಾಯಿತು. ಇಂಥ ಯಂತ್ರವುಳ್ಳವರು ಅದೇ ಮಾದರಿಯನ್ನು ಬಲ್ಲ ಮೆಕ್ಯಾನಿಕ್ಕನನ್ನು ವಿಚಾರಿಸುವುದು ಮೇಲು. ಹಳೆಯ ಡೀಸಲ್ ಟ್ರ್ಯಾಕ್ಟರುಗಳಲ್ಲಿ ಬಹುಪಾಲಿಗೆ ೧೫ಡಬ್ಲ್ಯೂ-೪೦ ಅಥವಾ ೨೦ಡಬ್ಲ್ಯೂ-೪೦ ಹೊಂದುತ್ತದೆ.

(ಇ) ಮೇಲೆ ಹೇಳಿದ ದೋಷಗಳೊಂದೂ ಇಲ್ಲದೆ, ಬಿಸಿಯಾದಾಗ ಒತ್ತಡವು ತಗ್ಗುತ್ತ, ಎಣ್ಣೆಯ ಖರ್ಚೂ ಏರುತ್ತಿದ್ದರೆ, ಒಂದು ಮೆಟ್ಟಿಲು ಮಾತ್ರ ಏರಿ ೨೦ಡಬ್ಲ್ಯೂ-೫೦ ಹಾಕಿ ನೋಡಬಹುದು. ಅದಕ್ಕಿಂತ ಮಂದವಾದುದು ಬೇಡ. ಅತಿ ಮಂದವಾದ ಎಣ್ಣೆಯು ಬೆಳಗಿನ ಹೊತ್ತು ಮೇಲಿನ ಭಾಗಗಳಿಗೆ ತಡವಾಗಿ ತಲಪುತ್ತದೆ. ಸವೆತವು ಬಹಳವಾಗಿ ಆಗುವುದು ಆ ಹೊತ್ತಿನಲ್ಲಿಯೇ. ಡೀಸಲ್ಲಿನ ಖರ್ಚೂ ಹೆಚ್ಚುತ್ತದೆ.

(ಈ) ‘ಹಳೆಯ ವಾಹನಗಳಿಗೆ’ ಎಂದು ಮಾರುವ ಎಣ್ಣೆಗಳಲ್ಲಿ ಪೆಡಸಾದ ಸೀಲನ್ನು ಮೆತ್ತಗೆ ಮಾಡುವ ದ್ರವ್ಯವಿರುತ್ತದೆ. ಅಲ್ಪವಾದ ಒಸರಿಕೆಯನ್ನು ಅದು ತಗ್ಗಿಸಬಹುದು. ಹರಿದ ಸೀಲನ್ನು ಹೊಲಿಯಲಾರದು. ಇಂಥವು ಹೆಚ್ಚಾಗಿ ಪೆಟ್ರೋಲ್ ಕಾರುಗಳಿಗಾಗಿ ತಯಾರಾಗುವುದರಿಂದ ‘ಸಿ’ ವರ್ಗದ ಗುರುತನ್ನು ನೋಡದೆ ಕೊಳ್ಳಬಾರದು.

(ಉ) ಬೆಲೆಯುಳ್ಳ ಸಿಂಥೆಟಿಕ್ ಎಣ್ಣೆಯು ಹಳೆಯ ಎಂಜಿನ್ನಿಗೆ ವಿಷವಲ್ಲ. ಆದರೆ ಎಣ್ಣೆಯನ್ನು ಉರಿಸುವ ಎಂಜಿನ್ನಿಗೆ ಅದನ್ನು ಸುರಿಯುವುದು ತೂತಾದ ಕೊಡಕ್ಕೆ ತುಪ್ಪ ತುಂಬಿದಂತೆ. ಸಾಮಾನ್ಯವಾದ ಒಳ್ಳೆಯ ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸುವುದೇ ಲಾಭಕರ.

(ಊ) ಬಿಡಿಯಾಗಿ ಅಳೆದು ಮಾರುವ ಎಣ್ಣೆಯನ್ನು ಕೊಳ್ಳದೆ, ಮುದ್ರೆಯಿರುವ ಡಬ್ಬವನ್ನೇ ಕೊಳ್ಳತಕ್ಕದ್ದು. ಖಾಲಿ ಡಬ್ಬವನ್ನು ತೂತುಮಾಡಿ ಬಿಟ್ಟರೆ ಅದು ಮೋಸಗಾರರ ಕೈಗೆ ಉಪಯೋಗವಾಗದು.

೭. ಬದಲಾಯಿಸುವ ಕ್ರಮ

ಅನೇಕ ಟ್ರ್ಯಾಕ್ಟರುಗಳಿಗೆ ೨೫೦ ಗಂಟೆಗೊಮ್ಮೆ ಎಣ್ಣೆ ಬದಲಾಯಿಸುವಂತೆ ಕೈಪಿಡಿಯು ಹೇಳುತ್ತದೆ. ಸವೆದ ಎಂಜಿನ್ನಿನಲ್ಲಿ ಮಸಿಯು ಬೇಗ ಸೇರುವುದರಿಂದ, ಧೂಳಿನಲ್ಲಿಯೂ ಕೆಸರಿನಲ್ಲಿಯೂ ದುಡಿಸುವವರು ಈ ಅವಧಿಗೆ ಮುಂಚೆಯೇ ಬದಲಾಯಿಸುವುದು ಕ್ಷೇಮ. ಕೆಲಸ ಕಡಿಮೆಯಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಬೇಕು. ಎಂಜಿನ್ನು ಬಿಸಿಯಾಗಿರುವಾಗ ಹಳೆಯ ಎಣ್ಣೆಯನ್ನು ಇಳಿಸಿದರೆ ಗಸಿಯೂ ಕೂಡ ಹೊರಬರುತ್ತದೆ. ಫಿಲ್ಟರನ್ನು ಜೊತೆಯಲ್ಲಿಯೇ ಬದಲಾಯಿಸತಕ್ಕದ್ದು. ಬಹುಕಾಲ ಅಲಕ್ಷ್ಯಕ್ಕೆ ಈಡಾದ ಎಂಜಿನ್ನಿಗೆ ಒಳ್ಳೆಯ ಎಣ್ಣೆಯನ್ನು ಹಾಕಿದರೆ ಒಳಗಿನ ಗಸಿಯು ಸಡಿಲವಾಗುವುದರಿಂದ, ಮೊದಲನೆಯ ಸಲ ಅರ್ಧ ಅವಧಿಗೇ ಎಣ್ಣೆಯನ್ನೂ ಫಿಲ್ಟರನ್ನೂ ಮತ್ತೆ ಬದಲಾಯಿಸುವುದು ಒಳ್ಳೆಯದು. ಗಾಳಿ ಶೋಧಕವು ಎಣ್ಣೆಯ ಬಟ್ಟಲುಳ್ಳದ್ದಾದರೆ, ಧೂಳಿನ ಕಾಲದಲ್ಲಿ ಅದನ್ನು ಪದೇಪದೇ ತೊಳೆಯಬೇಕು. ಹೊಲದ ಧೂಳಿನಂತೆ ರಿಂಗನ್ನು ತಿನ್ನುವ ಶತ್ರು ಬೇರೊಂದಿಲ್ಲ.

೮. ಇಳಿಸಿದ ಎಣ್ಣೆಯ ವಿಷಯ

ಇಳಿಸಿದ ಎಣ್ಣೆಯನ್ನು ಕಾಲುವೆಗೆ ಚೆಲ್ಲುವುದು, ದನದ ಹುಣ್ಣಿಗೆ ಸವರುವುದು, ಒಲೆಗೆ ಸುರಿಯುವುದು, ಇವೆಲ್ಲ ಕೇಡಿನ ಪದ್ಧತಿಗಳು. ಅದರಲ್ಲಿ ಕ್ಯಾನ್ಸರ್ ರೋಗವನ್ನುಂಟುಮಾಡುವ ದ್ರವ್ಯಗಳಿರುತ್ತವೆ. ೨೦೧೬ರ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ ಇದು ಅಪಾಯಕರ ತ್ಯಾಜ್ಯಗಳ ವರ್ಗಕ್ಕೆ ಸೇರಿದುದು. ಗ್ರಾಮದ ಮುಖಂಡರು ಮುಂದೆ ಬಂದು ಊರಿಗೊಂದು ಮುಚ್ಚಳದ ಪೀಪಾಯಿಯನ್ನು ಏರ್ಪಡಿಸಿ, ತುಂಬಿದಾಗ ಪರವಾನಗಿಯುಳ್ಳವರಿಗೆ ಒಪ್ಪಿಸುವ ವ್ಯವಸ್ಥೆ ಮಾಡಿದರೆ ಊರಿನ ನೀರಿಗೂ ನೆಲಕ್ಕೂ ಉಪಕಾರವಾಗುವುದು.

೯. ಸಾರಾಂಶ

ಕೈಪಿಡಿಯ ಎಣ್ಣೆಯೇ ಮೊದಲು. ರೋಗವನ್ನು ತಿಳಿದ ಮೇಲೆ ಚಿಕಿತ್ಸೆ. ಬೇಕಾದರೆ ಒಂದೇ ಮೆಟ್ಟಿಲು ಮೇಲಿನ ಎಣ್ಣೆ. ಗೇರ್ ಎಣ್ಣೆಯ ಬೆರಕೆ ಎಂದಿಗೂ ಕೂಡದು. ಒತ್ತಡದ ದೀಪ ಹತ್ತಿದ ಕ್ಷಣವೇ ಎಂಜಿನ್ನು ನಿಲ್ಲಬೇಕು. ದಿನವೂ ಬೆಳಿಗ್ಗೆ ಎಂಜಿನ್ನನ್ನು ಚಾಲೂ ಮಾಡುವ ಮುಂಚೆ ಅಳತೆಯ ಕಡ್ಡಿಯನ್ನು ಎಳೆದು ನೋಡುವುದಕ್ಕೆ ಹಿಡಿಯುವ ಕಾಲವು ಎತ್ತಿನ ಹಣೆ ಸವರುವಷ್ಟು ಮಾತ್ರ. ಈ ಅಲ್ಪ ಶ್ರಮವನ್ನು ವಹಿಸಿದವರ ಹಳೆಯ ಯಂತ್ರವು ನಾಟಿಯ ಹದದಲ್ಲಿ ಅವರ ಕೈಬಿಡದು.