ಮನೆಯ ಗಣಕಯಂತ್ರದಲ್ಲಿ ತಂತ್ರಾಂಶ ಘಟಕಗಳ ನೋಂದಣಿ



ಅಡಿಕೆ ವ್ಯಾಪಾರದ ಲೆಕ್ಕಕ್ಕೋ ಸ್ವಸಹಾಯ ಸಂಘದ ಉಳಿತಾಯ ವಹಿಗೋ ಹಿಂದೆ ಬರೆಸಿದ ತಂತ್ರಾಂಶಗಳನ್ನು ಇಂದಿಗೂ ಬಳಸುವವರುಂಟು. 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6ರಲ್ಲಿ ರಚಿತವಾದ ಇಂತಹ ತಂತ್ರಾಂಶದ ಫೋಲ್ಡರನ್ನು ಹೊಸ ಗಣಕಯಂತ್ರಕ್ಕೆ ನಕಲು ಮಾಡಿದರೆ, ‘ಎಂಎಸ್‌ಕಾಮ್‌ಸಿಟಿಎಲ್.ಓಸಿಎಕ್ಸ್’ ಸರಿಯಾಗಿ ನೋಂದಣಿಯಾಗಿಲ್ಲವೆಂಬ ಸಂದೇಶ ಬರುವುದುಂಟು. ಕಡತ ಕಣ್ಣೆದುರಿಗೇ ಇದ್ದರೂ ತಂತ್ರಾಂಶ ತೆರೆಯುವುದಿಲ್ಲ.

ಕಾರಣ ಸರಳ. ಮನೆ ಕಟ್ಟಿದ ಮಾತ್ರಕ್ಕೆ ಅದು ಪಂಚಾಯಿತಿಯ ವಹಿಗೆ ಸೇರುವುದಿಲ್ಲ. ಆಸ್ತಿ ಸಂಖ್ಯೆ ದಾಖಲಾಗಬೇಕು. ವಿಂಡೋಸ್‌ನಲ್ಲಿಯೂ ‘ರಿಜಿಸ್ಟ್ರಿ’ ಎಂಬ ವಹಿಯಿದೆ. ಘಟಕದ ಗುರುತು ಮತ್ತು ಅದಿರುವ ವಿಳಾಸ ಅಲ್ಲಿ ದಾಖಲಾದರೆ ಮಾತ್ರ ಇತರ ತಂತ್ರಾಂಶಗಳು ಅದನ್ನು ಕಂಡುಕೊಳ್ಳುತ್ತವೆ.

ಅನುಸರಿಸಬೇಕಾದ ಕ್ರಮ:

1. ಲೆಕ್ಕದ ದತ್ತಾಂಶವನ್ನು ಮೊದಲು ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳಬೇಕು. ಮೂಲ ಸೆಟಪ್ ಲಭ್ಯವಿದ್ದರೆ ಅದನ್ನೇ ಚಾಲನೆ ಮಾಡಬೇಕು. ಸಾಮಾನ್ಯವಾಗಿ ನೋಂದಣಿಯನ್ನು ಅದೇ ಪೂರೈಸುತ್ತದೆ.

2. ಸೆಟಪ್ ಇಲ್ಲದಿದ್ದರೆ, ಘಟಕದ ಕಡತವನ್ನು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ಇರಿಸಬೇಕು. ಯಂತ್ರವು 64-ಬಿಟ್ ಆಗಿದ್ದರೆ ‘ಸಿಸ್‌ವಾವ್64’ ಉಪಫೋಲ್ಡರಿನಲ್ಲಿ, 32-ಬಿಟ್ ಆಗಿದ್ದರೆ ‘ಸಿಸ್ಟಮ್32’ ಉಪಫೋಲ್ಡರಿನಲ್ಲಿ ಇರಿಸತಕ್ಕದ್ದು. ವಿಷುಯಲ್ ಬೇಸಿಕ್ 6ರ ಘಟಕಗಳೆಲ್ಲವೂ 32-ಬಿಟ್ ಕಡತಗಳೆಂಬುದನ್ನು ಗಮನಿಸಬೇಕು.

3. ಸ್ಟಾರ್ಟ್ ಮೆನುವಿನಲ್ಲಿ ‘ಕಮಾಂಡ್ ಪ್ರಾಂಪ್ಟ್’ ಹುಡುಕಿ, ಮೌಸ್‌ನ ಬಲಗುಂಡಿ ಒತ್ತಿ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಯ್ಕೆ ಮಾಡಬೇಕು.

4. ಸಿ, ಡಿ ಎಂಬ ಎರಡು ಇಂಗ್ಲಿಷ್ ಅಕ್ಷರ, ಒಂದು ಖಾಲಿ ಜಾಗ, ಬಳಿಕ ಆ ಫೋಲ್ಡರಿನ ಪೂರ್ಣ ವಿಳಾಸ ಬರೆದು ಎಂಟರ್ ಒತ್ತಬೇಕು.

5. ಆರ್, ಇ, ಜಿ, ಎಸ್, ವಿ, ಆರ್ ಎಂಬ ಆರು ಇಂಗ್ಲಿಷ್ ಅಕ್ಷರಗಳನ್ನೂ 32 ಎಂಬ ಅಂಕಿಯನ್ನೂ ಕೂಡಿಸಿ ಬರೆದು, ಒಂದು ಖಾಲಿ ಜಾಗ ಬಿಟ್ಟು, ಕಡತದ ಹೆಸರು ಬರೆದು ಎಂಟರ್ ಒತ್ತಬೇಕು. ‘ಸಕ್ಸೀಡೆಡ್’ ಎಂದು ಬಂದರೆ ನೋಂದಣಿ ಪೂರ್ಣಗೊಂಡಂತೆ.

‘ಫೇಲ್ಡ್ ಟು ಲೋಡ್’ ಎಂದರೆ ಕಡತ ಆ ಸ್ಥಳದಲ್ಲಿಲ್ಲ ಅಥವಾ ಅದು ಅವಲಂಬಿಸಿರುವ ಬೇರೊಂದು ಕಡತ ಇಲ್ಲ. ‘ಎಂಟ್ರಿ ಪಾಯಿಂಟ್ ನಾಟ್ ಫೌಂಡ್’ ಎಂದರೆ ಅದು ಈ ರೀತಿ ನೋಂದಾಯಿಸುವ ಕಡತವೇ ಅಲ್ಲ. ಮತ್ತೆ ಮತ್ತೆ ಪ್ರಯತ್ನಿಸುವುದು ವ್ಯರ್ಥ. 0x80070005 ಎಂಬ ಸಂಕೇತ ಬಂದರೆ ಅನುಮತಿ ಸಾಲದು. ಮೂರನೆಯ ಹಂತವನ್ನು ಪುನಃ ನೋಡಬೇಕು. ನೋಂದಣಿಯ ನಂತರ ಕಡತವನ್ನು ಬೇರೆಡೆಗೆ ಸರಿಸಬಾರದು; ವಹಿಯಲ್ಲಿ ಹಳೆಯ ವಿಳಾಸವೇ ಉಳಿದಿರುತ್ತದೆ.

ಇಲ್ಲಿ ಅತಿ ಮುಖ್ಯವಾದ ಅಂಶವೊಂದಿದೆ. ಈ ಆದೇಶ ತಾನಾಗಿ ವಹಿಯಲ್ಲಿ ಬರೆಯುವುದಿಲ್ಲ; ಕಡತದೊಳಗಿನ ಸೂಚನೆಗಳನ್ನು ಚಾಲನೆಗೊಳಿಸುತ್ತದೆ. ಕಡತವು ತನ್ನ ಹೆಸರನ್ನು ತಾನೇ ಬರೆದುಕೊಳ್ಳುತ್ತದೆ, ಅದೂ ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ. ಅರ್ಜಿದಾರನ ಕೈಗೇ ವಹಿಯನ್ನೂ ಲೇಖನಿಯನ್ನೂ ಒಪ್ಪಿಸಿದಂತೆ ಇದು. ಆದುದರಿಂದ ಅಪರಿಚಿತ ಜಾಲತಾಣದಿಂದ ಇಳಿಸಿಕೊಂಡ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಡತವನ್ನು ಎಂದಿಗೂ ನೋಂದಾಯಿಸಬಾರದು. ತಂತ್ರಾಂಶದ ಮೂಲ ಸಿಡಿ ಅಥವಾ ಅದನ್ನು ರಚಿಸಿದವರಿಂದ ಪಡೆದ ಕಡತವನ್ನಷ್ಟೇ ಬಳಸಬೇಕು.

ಪಂಚಾಯಿತಿ ಕಚೇರಿಯ ಯಂತ್ರಗಳಲ್ಲಿ ಸದಸ್ಯರು ಈ ಪ್ರಯೋಗಕ್ಕೆ ಕೈಹಾಕಬಾರದು. ಇ-ಸ್ವತ್ತು ವ್ಯವಸ್ಥೆಯ ನಮೂನೆ 9, 11ಎ ಮತ್ತು 11ಬಿಗಳಿಗೆ ಡಿಜಿಟಲ್ ಸಹಿ ಬೀಳುವುದು ಅಲ್ಲಿಯೇ. ಆ ಯಂತ್ರದಲ್ಲಿ ದುಷ್ಟ ಕಡತವೊಂದು ನೆಲೆಯೂರಿದರೆ ಗ್ರಾಮಸ್ಥರ ಆಸ್ತಿ ದಾಖಲೆಗಳ ವಿಶ್ವಾಸಾರ್ಹತೆಗೇ ಧಕ್ಕೆಯಾಗುತ್ತದೆ.